ಮಾರಲು ಬಾರದ ಗುಬ್ಬಿ ಕಾಯಿನ್

ಹನ್ನೆರಡು ಗಂಟೆಯ ತರಗತಿ ಮುಗಿಸಿ ಸುವರ್ಣಾ ಮೊಬೈಲ್ ತೆರೆದಾಗ ಗುಬ್ಬಿ ಕಾಯಿನ್ ಬೆಲೆ ಹನ್ನೊಂದು ಪಟ್ಟಾಗಿತ್ತು. ಟೋಪಿ ಹಾಕಿಕೊಂಡ ಗುಬ್ಬಿಯ ನಗೆಚಿತ್ರ ಇಟ್ಟು ಯಾರೋ ಹುಟ್ಟಿಸಿದ ಟೋಕನ್, ಅಂದರೆ ಡಿಜಿಟಲ್ ನಾಣ್ಯ, ಅದು. ಬ್ಯಾಂಕು, ದಲ್ಲಾಳಿ ಯಾರೂ ನಡುವೆ ಇಲ್ಲದ ಆನ್‌ಲೈನ್ ತಾಣದಲ್ಲಿ ಅವಳು ಒಂದು ಟೆಲಿಗ್ರಾಂ ಗುಂಪಿನ ಮಾತು ನಂಬಿ ಮೂರು ವಾರದ ಹಿಂದೆ ಮೂವತ್ತು ಸಾವಿರ ಹಾಕಿದ್ದಳು. ಅಮೀರ್‌ಪೇಟ್‌ನಲ್ಲಿ ಕಂಪ್ಯೂಟರ್ ಕಲಿಸುವವಳು ತಿಳಿಯದೆ ಮಾಡುತ್ತಾಳೆಯೇ ಎಂದು ನೆಗೆಣ್ಣಿ ಹಂಪಮ್ಮನೂ ನಲವತ್ತು ಸಾವಿರ ಹಾಕಿದ್ದಳು. ಕೋಠಿಯಲ್ಲಿ ಬ್ಲೌಸು ಹೊಲಿದು ಕೂಡಿಸಿದ ದುಡ್ಡು.

ಇಷ್ಟು ಸಾಕು, ಮಾರಿಬಿಡೋಣ ಎಂದು ಸುವರ್ಣಾ ಗುಂಡಿ ಒತ್ತಿದಳು. ಆಗಲಿಲ್ಲ. ಅರ್ಧ ಮಾರಲು ನೋಡಿದಳು. ಆಗಲಿಲ್ಲ. ನೂರು ರೂಪಾಯಿಯದೂ ಆಗಲಿಲ್ಲ. ಆ ಟೋಕನ್‌ನ ವ್ಯವಹಾರಗಳ ಪಟ್ಟಿ ತೆರೆದು ಬೆರಳಿಂದ ಸರಿಸುತ್ತ ಹೋದಳು. ಕೊಂಡವರು ನೂರಾರು ಮಂದಿ. ಮಾರಿದವನು ಒಬ್ಬನೇ, ಪ್ರತಿ ಸಲವೂ ಅದೇ ಡಿಜಿಟಲ್ ಖಾತೆಯ ವಿಳಾಸ.

ಹುಟ್ಟಿಸಿದವನ ಹೊರತು ಬೇರೆ ಯಾರೂ ಮಾರಲು ಆಗದಂತೆಯೇ ಅದನ್ನು ಮಾಡಿಟ್ಟಿದ್ದರು. ಅದಕ್ಕೇ ಬೆಲೆ ಏರುತ್ತಿತ್ತು. ಅವಳು ನೋಡುತ್ತಿದ್ದಂತೆಯೇ ಹನ್ನೆರಡು ಪಟ್ಟಾಯಿತು.

ಆಗಲೇ ಹಂಪಮ್ಮನ ಧ್ವನಿ ಸಂದೇಶ ಕಂಡಿತು. "ಸುವರ್ಣಾ, ನಾ ಅಬಿಡ್ಸ್‌ನಾಗ ಅದೀನಿ. ಕೈಯಾಗಿನ ಬಂಗಾರದ ಬಿಲ್ವಾರ ಅಡವಿಟ್ಟು ಇನ್ನೂ ಎರಡು ಲಕ್ಷ ಹಾಕಾಕತ್ತೀನಿ. ನೀ ತೋರಿಸಿದಂಗ ನಾನಾ ಒತ್ತತೀನಿ, ನೀ ಬರೋದು ಬ್ಯಾಡ."

ಸುವರ್ಣಾ ಫೋನ್ ಹಚ್ಚಿದಳು. ಎತ್ತಲಿಲ್ಲ. ಮೆಟ್ರೋ ಹತ್ತಿ ನಾಂಪಲ್ಲಿವರೆಗೆ ಒಂಬತ್ತು ಸಲ ಹಚ್ಚಿದಳು. ನಡುವೆ ಒಮ್ಮೆ, ಬೆಲೆ ಬೀಳುವಂತಿದೆ ಎಂದಷ್ಟೇ ಹೇಳಿದರಾಯಿತು, ತನ್ನ ತಪ್ಪು ಯಾರಿಗೂ ಗೊತ್ತಾಗುವುದಿಲ್ಲ ಎನಿಸಿತು. ಹಾಗೆ ಎನಿಸಿದ್ದಕ್ಕೇ ಇನ್ನಷ್ಟು ಹೆದರಿದಳು. ಇಳಿದು ಆಟೋ ಹಿಡಿದಳು.

ಹಂಪಮ್ಮ ಸದಾ ಹೋಗುವ ಬಂಗಾರದ ಸಾಲದ ಅಂಗಡಿಯಲ್ಲಿ ಅವಳ ಮುಂಗೈ ಬರಿದಾಗಿತ್ತು. ಕೌಂಟರಿನವನು ಪೆನ್ನು ಚಾಚಿ, "ಇಕ್ಕಡ ಸಂತಕಂ, ಅಮ್ಮಾ" ಎನ್ನುತ್ತಿದ್ದ.

"ಅಕ್ಕಾ, ಸಹಿ ಮಾಡಬ್ಯಾಡ್ರಿ!"

ಎಲ್ಲರೂ ತಿರುಗಿ ನೋಡಿದರು.

"ಯಾಕ? ಏರಾಕತ್ತೈತಲ್ಲ!"

"ಅದಕ್ಕ ಅಂಜಿಕಿ ಬಂದೈತಿ. ತಗೊಳ್ಳಾಕ ಬರತೈತಿ, ಮಾರಾಕ ಬರಂಗಿಲ್ಲ. ಮೋಸ ಐತ್ರಿ ಅಕ್ಕಾ. ನಾನಾ ನಿಮ್ಮನ್ನ ಅದರಾಗ ಕೆಡವಿದೆ."

ಹಂಪಮ್ಮ ತನ್ನ ಮೊಬೈಲ್ ತೆಗೆದು ಮಾರುವ ಗುಂಡಿ ಒತ್ತಿದಳು. ಮತ್ತೊಮ್ಮೆ ಒತ್ತಿದಳು. ಆಮೇಲೆ ಕಾಗದ ಹಿಂದಕ್ಕೆ ತಳ್ಳಿ, ಬಿಲ್ವಾರ ಎತ್ತಿಕೊಂಡು ಹೊರಗೆ ನಡೆದಳು.

ಮೆಟ್ಟಿಲ ಮೇಲೆ ನಿಂತು ಕೇಳಿದಳು: "ನಾ ಬಿಲ್ವಾರ ಇಡಾಕ ಹೊಂಟಿಲ್ಲದಿದ್ದರ ಇವತ್ತ ನನಗ ಹೇಳತಿದ್ದೇನು?"

ಸುವರ್ಣಾಳ ಮೊಬೈಲಿನಲ್ಲಿ ಗುಂಪಿನ ಸಂದೇಶಗಳು ಬರುತ್ತಲೇ ಇದ್ದುದನ್ನು ಹಂಪಮ್ಮ ನೋಡಿದಳು.

"ಆ ಗ್ರೂಪಿನಾಗ ಎಷ್ಟ ಮಂದಿ ಅದಾರ?"

"ಎರಡು ಸಾವಿರ."

"ಅವರಿಗಾರ ಹೇಳು."

ಟೆಲಿಗ್ರಾಂ ಗುಂಪಿನಲ್ಲಿ ಅವಳ ಹೆಸರು, ಫೋಟೋ, ನಂಬರ್ ಎಲ್ಲವೂ ಇದ್ದವು. ಆದರೂ ಬರೆದಳು: ‘ಇದನ್ನು ಮಾರಲು ಆಗುವುದಿಲ್ಲ. ಯಾರೂ ಕೊಳ್ಳಬೇಡಿ.’ ಒಂದು ನಿಮಿಷವೂ ಆಗಿರಲಿಲ್ಲ, ಗುಂಪಿನಿಂದ ಅವಳನ್ನು ಹೊರಹಾಕಿದರು. ಹಿಂದೆಯೇ ಗುರುತಿಲ್ಲದ ನಂಬರಿನಿಂದ ಹಿಂದಿಯಲ್ಲಿ ಸಂದೇಶ ಬಂತು. ಅವಳು ಕಲಿಸುವ ಸಂಸ್ಥೆಯ ಹೆಸರು, ಕೆಳಗೆ ಒಂದೇ ಸಾಲು: ‘ಸಂಜೆ ಎಷ್ಟಕ್ಕೆ ಬಿಡುತ್ತೀರಿ, ಮೇಡಂ?’

ಸುವರ್ಣಾ ಮೆಟ್ಟಿಲ ಮೇಲೆಯೇ ಕೂತು ಮೊಬೈಲ್ ಹಂಪಮ್ಮನತ್ತ ಚಾಚಿದಳು. ಹಂಪಮ್ಮ ಅದನ್ನು ಓದಿದಳು. ಅವಳ ಮುಖವೂ ಬಿಳುಚಿತು. ಆದರೂ ಸುವರ್ಣಾಳ ರಟ್ಟೆ ಹಿಡಿದು ಎಬ್ಬಿಸಿದಳು.

"ನಿನ್ನ ಮ್ಯಾಲ ಸಿಟ್ಟು ಭಾಳ ಐತಿ. ಅದನ್ನ ಮನ್ಯಾಗ ನೋಡೋಣು. ಈಗ ಪೊಲೀಸರ ಹತ್ರ ನಡಿ."

ಸೈಬರ್ ಪೊಲೀಸರು ದೂರು ಬರೆದುಕೊಂಡರು. ಮೂರನೆಯ ದಿನ ಗುಬ್ಬಿಯ ಬೆಲೆ ಸೊನ್ನೆಗೆ ಬಿತ್ತು. ದುಡ್ಡು ವಾಪಸು ಬರಲಿಲ್ಲ. ಸಂಸ್ಥೆಯ ಬಾಗಿಲಿಗೂ ಯಾರೂ ಬರಲಿಲ್ಲ. ಆದರೂ ಆ ತಿಂಗಳಿಡೀ ಸಂಜೆ ತರಗತಿ ಬಿಡುವ ಹೊತ್ತಿಗೆ ಹಂಪಮ್ಮ ಕೋಠಿಯಿಂದ ಬಂದು ಕೆಳಗೆ ನಿಂತಿರುತ್ತಿದ್ದಳು. ಸಿಟ್ಟು ಇನ್ನೂ ಇಳಿಯದಿದ್ದರೂ ಸುವರ್ಣಾಳ ಜೊತೆಗೇ ಮೆಟ್ರೋ ಹತ್ತುತ್ತಿದ್ದಳು.