ಸೇತುವೆ ದಾಟಿ ಎಡಕ್ಕೆ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಇಡೀ ಬೀದಿ ಹೇಳುತ್ತದೆ. ಹೇಳಲಿ. ಎದುರು ಅಂಗಡಿಯಲ್ಲಿ ನಿಮ್ಮ ಒಡಹುಟ್ಟಿದ ತಮ್ಮ ಕೂತುಕೊಂಡು, ನೀವು ಬೆವರು ಸುರಿಸಿ ಬರೆದದ್ದನ್ನು ತನ್ನದೆಂದು ಹಂಚುತ್ತಿದ್ದರೆ ನಿಮ್ಮ ಕೋಪ ಎಲ್ಲಿರುತ್ತಿತ್ತೋ ನಾನೂ ನೋಡುತ್ತಿದ್ದೆ.

ನಮ್ಮ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಬೆಟ್ಟದ ಸೀಮೆಯಲ್ಲಿ ಸೈಕಲ್ ತುಳಿಯುತ್ತ ಹಳೇ ಊರುಗಳನ್ನು ನೋಡಬೇಕೆಂದು ಬರುವ ಜನರಿದ್ದಾರೆ. ಅವರಿಗೆ ಸೈಕಲ್ ಕೊಡುತ್ತೇವೆ, ಉಳಿಯಲು ಮನೆ ಗೊತ್ತು ಮಾಡುತ್ತೇವೆ, ಅವರ ಗಂಟುಮೂಟೆಯನ್ನು ವ್ಯಾನಿನಲ್ಲಿ ಮುಂದಿನ ಊರಿಗೆ ಸಾಗಿಸುತ್ತೇವೆ. ಎಲ್ಲಕ್ಕಿಂತ ಮುಖ್ಯವಾಗಿ ಕೈಗೊಂದು ಹಾಳೆ ಕೊಡುತ್ತೇವೆ. ಕಣಿವೆಗಳಲ್ಲಿ ಫೋನಿಗೆ ಸಿಗ್ನಲ್ ಇರುವುದಿಲ್ಲ. ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡ ಆ ಹಾಳೆಯೇ ಗತಿ. ಎಷ್ಟನೆಯ ಕಿಲೋಮೀಟರಿಗೆ ಎತ್ತ ತಿರುಗಬೇಕು, ಎಲ್ಲಿ ಕುಡಿಯುವ ನೀರಿದೆ, ಯಾವ ಊರಿನ ಕಲ್ಲುಹಾಸಿನ ಬೀದಿಯಲ್ಲಿ ಇಳಿದು ತಳ್ಳಿಕೊಂಡು ಹೋಗಬೇಕು, ಯಾವ ಇಳಿಜಾರಿನಲ್ಲಿ ಬ್ರೇಕಿನಿಂದ ಕೈ ತೆಗೆಯಬಾರದು, ಎಲ್ಲವೂ ಒಂದೊಂದು ಸಾಲು. ಆ ಸಾಲುಗಳನ್ನು ಬರೆಯುವವಳು ನಾನು. ಚಕ್ರಕ್ಕೆ ಮೀಟರು ಕಟ್ಟಿಕೊಂಡು ವರ್ಷಕ್ಕೊಮ್ಮೆ ಪ್ರತಿ ದಾರಿಯನ್ನೂ ನಾನೇ ತುಳಿದು ಬರೆಯುತ್ತೇನೆ. ಅಪ್ಪ ಕಲಿಸಿದ್ದು ಎರಡೇ ಮಾತು. ತುಳಿಯದ ದಾರಿಯನ್ನು ಬರೆಯಬೇಡ ಎನ್ನುವುದು ಒಂದು. ಹಾಳೆ ಎದುರಿಗಿರುವಾಗ ನೆನಪನ್ನು ನಂಬಬೇಡ ಎನ್ನುವುದು ಇನ್ನೊಂದು. ನೆನಪು ಹೋದ ವರ್ಷದ್ದು, ಅಷ್ಟರಲ್ಲಿ ರಸ್ತೆ ಕುಸಿದಿರಬಹುದು, ಸೇತುವೆ ಮುಚ್ಚಿರಬಹುದು.

ಅಪ್ಪ ಹೋದ ಮೇಲೆ ತಮ್ಮನೂ ನಾನೂ ಆರು ವರ್ಷ ಒಟ್ಟಿಗೆ ಅಂಗಡಿ ನಡೆಸಿದೆವು. ಅವನದು ಸಿಹಿ ನಾಲಿಗೆ. ಬಂದವರನ್ನು ನಗಿಸುವುದು, ಫೋಟೋ ತೆಗೆಯುವುದು, ಹೆಗಲ ಮೇಲೆ ಕೈ ಹಾಕುವುದು ಅವನ ಪಾಲು. ಹಿಂದಿನ ಕೋಣೆಯಲ್ಲಿ ಚೈನಿನ ಜಿಡ್ಡು ತಿಕ್ಕುವುದು ನನ್ನ ಪಾಲು. ಒಂದು ದಿನ, "ಅಕ್ಕ, ನಿನ್ನ ಬಾಯಿಗೆ ಹೆದರಿ ಬಂದೋರೆಲ್ಲ ಓಡಿಹೋಗ್ತಿದಾರೆ, ನನ್ನ ಪಾಡಿಗೆ ನನ್ನ ಬಿಡು" ಎಂದು ಎದ್ದು ಹೋದ. ಹೋದವನು ದೂರ ಹೋದನೇ? ಎದುರುಗಡೆ ಮುಚ್ಚಿದ್ದ ಟೋಪಿ ಅಂಗಡಿಯನ್ನು ಹಿಡಿದು, ಬಣ್ಣ ಬಳಿಸಿ ಕೂತ. ಬೆಳಿಗ್ಗೆ ನಾನು ಬಾಗಿಲು ತೆಗೆದರೆ ಅವನ ಹಲ್ಲು ಕಾಣುತ್ತಿತ್ತು.

ಅದನ್ನೂ ನುಂಗಿಕೊಂಡೆ. ನುಂಗಲಾಗದ್ದು ಹಾಳೆಯ ವಿಚಾರ. ಅವನ ಗಿರಾಕಿಯೊಬ್ಬ ಬೀದಿಯಲ್ಲಿ ಬೀಳಿಸಿಹೋದ ಹಾಳೆಯನ್ನು ಎತ್ತಿ ಓದಿದೆ. 'ಮೂವತ್ತೆರಡನೆಯ ಕಿ.ಮೀ.: ಮುರುಕು ಕಮಾನು. ಬೀಳುವ ಹಾಗೆ ಕಾಣುತ್ತದೆ, ಬೀಳುವುದಿಲ್ಲ, ಸುಮ್ಮನೆ ಹೋಗಿ.' ಹೀಗೆ ಬರೆಯುವವರು ಈ ಸೀಮೆಯಲ್ಲಿ ಇನ್ನೊಬ್ಬರಿದ್ದಾರೆಯೇ? ಒಂದಕ್ಷರ ಬಿಡದೆ ಇಳಿಸಿಕೊಂಡಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು. ಬೀದಿ ದಾಟಿ ಅವನ ಮೇಜಿನ ಮೇಲೆ ಹಾಳೆ ಕುಕ್ಕಿದೆ.

"ಏನೋ ಇದು? ನಾಚಿಕೆ ಆಗಲ್ವಾ ನಿಂಗೆ?"

"ಮೆಲ್ಲಗೆ ಮಾತಾಡು ಅಕ್ಕ, ಜನ ಇದಾರೆ. ದಾರಿ ಏನು ಯಾರಪ್ಪನ ಆಸ್ತೀನಾ?"

"ನಿಮ್ಮಪ್ಪಂದೇ ಕಣೋ! ಅಪ್ಪ ಹುಡುಕಿದ ದಾರಿ, ನಾನು ಬರೆದ ಸಾಲು. ನಿಂದು ಏನಿದೆ ಇದರಲ್ಲಿ? ಹಲ್ಲು ಕಿರಿಯೋದೊಂದೇ!"

ಅವನು ಆಗಲೂ ಹಲ್ಲು ಕಿರಿದ. ಅವನ ಗಿರಾಕಿಗಳೂ ನಕ್ಕರು. ನಾನು ವಾಪಸು ಬಂದು ಒಂದು ಪೆಡಲನ್ನು ಗೋಡೆಗೆ ಎಸೆದೆ.

ಇಷ್ಟಕ್ಕೇ ನಿಂತಿದ್ದರೆ ಸೈ ಎನ್ನುತ್ತಿದ್ದೆ. ಅವನ ಕಣ್ಣು ನನ್ನ ಮಗಳ ಮೇಲೆ ಬಿತ್ತು. ನನಗಿರುವುದು ಅವಳೊಬ್ಬಳೇ. ಅವಳಪ್ಪ ಅವಳಿಗೆ ಮೂರು ವರ್ಷವಿದ್ದಾಗಲೇ ಎದ್ದುಹೋದ. ಅವನ ವಿಷಯ ಇಲ್ಲಿ ಬೇಡ. ಹನ್ನೆರಡು ವರ್ಷಕ್ಕೇ ಚಕ್ರದ ಸೊಟ್ಟ ತೆಗೆಯಲು ಕಲಿತವಳು, ಈಗ ಇಪ್ಪತ್ತಮೂರು. ಏರಿನಲ್ಲಿ ಅಳುವವರನ್ನು ಹೇಗೋ ಸಮಾಧಾನ ಮಾಡಿ ಮೇಲೆ ಹತ್ತಿಸಿಬಿಡುತ್ತಾಳೆ. ನನ್ನಿಂದ ಆಗದ ಕೆಲಸ ಅದು. ಅವಳನ್ನೇ ತಮ್ಮ ಕರೆದಿದ್ದ, ತನ್ನ ತಂಡಗಳನ್ನು ನಡೆಸು ಬಾ ಎಂದು.

"ಮಾವ ಕೇಳ್ತಿದಾರೆ ಅಮ್ಮ" ಎಂದಳು, ಅನ್ನ ಬಡಿಸಿಕೊಳ್ಳುತ್ತ, ನನ್ನ ಮುಖ ನೋಡದೆ.

"ಹೋಗು. ಹೋದ್ರೆ ಈ ಹೊಸ್ತಿಲು ಮತ್ತೆ ತುಳೀಬೇಡ."

"ಎಲ್ಲದಕ್ಕೂ ಹೀಗೆ ಹಾರಬೇಡ. ನಾನು ಹೋಗ್ತೀನಿ ಅಂದ್ನಾ? ಇಲ್ಲಿ ನಂಗೆ ಬರೀ ಪಂಕ್ಚರ್ ಹಾಕೋದು, ಮೂಟೆ ಎತ್ತೋದು. ಒಂದು ತಂಡ ಪೂರ್ತಿ ನನ್ನ ಕೈಗೆ ಕೊಡು. ಸರಿಯಾಗಿ ನಡೆದ್ರೆ ಇಲ್ಲೇ ಇರ್ತೀನಿ, ಮಾವಂಗೆ ಬರಲ್ಲ ಅಂತ ನಾನೇ ಹೇಳ್ತೀನಿ."

ಕೊಟ್ಟೆ. ಕೊಡದೆ ಏನು ಮಾಡಲಿ? ಅವಳು ಬೀದಿಯ ಆ ಬದಿಗೆ ಹೋಗಿಬಿಟ್ಟರೆ ಈ ಬದಿಯಲ್ಲಿ ನಾನು ಯಾರಿಗಾಗಿ ಬಾಗಿಲು ತೆಗೆಯಲಿ?

ಇನ್ನು ನಾನು ಮಾಡಿದ ಕೆಲಸ. ಆ ವರ್ಷದ ಹಾಳೆಗಳನ್ನು ಎರಡು ಥರ ಅಚ್ಚು ಹಾಕಿಸಿದೆ. ಸರಿಯಾದ ಹಾಳೆ ನನ್ನ ಮೇಜಿನ ಡ್ರಾಯರಿನಲ್ಲಿ. ಇನ್ನೊಂದರಲ್ಲಿ ಎಲ್ಲ ಹಾಗೇ ಇಟ್ಟು ಒಂದೇ ಒಂದು ಸಾಲು ತಿರುಚಿದೆ: 'ನಲವತ್ತೊಂದನೆಯ ಕಿ.ಮೀ.: ಕಲ್ಲು ಸೇತುವೆ ದಾಟಿ ಎಡಕ್ಕೆ.' ಬಲಕ್ಕೆ ಹೋದರೆ ಕೋಟೆಗೋಡೆಯ ಊರು. ಎಡಕ್ಕೆ ಹೋದರೆ ಪಾಳುಬಿದ್ದ ಕಲ್ಲುಕ್ವಾರಿ. ಆರು ಕಿಲೋಮೀಟರು ಕಡಿದಾದ ಏರು, ಕೊನೆಗೆ ಬೀಗ ಹಾಕಿದ ಗೇಟು. ಈ ಹಾಳೆಗಳನ್ನು ಬಾಗಿಲ ಪಕ್ಕದ ಮೇಜಿನ ಮೇಲೆ ಇಟ್ಟೆ. ಗಾಳಿ ಪಂಪು ಕೇಳುವ ನೆಪದಲ್ಲಿ ತಮ್ಮನ ವ್ಯಾನಿನ ಚಾಲಕ ಬಂದು ಒಂದನ್ನು ಜೇಬಿಗಿಳಿಸಿದ್ದನ್ನು ಕಣ್ಣಾರೆ ಕಂಡೆ. ಕಂಡೂ ಕಾಣದ ಹಾಗಿದ್ದೆ. ಅವನ ಗಿರಾಕಿಗಳು ಏದುಸಿರು ಬಿಡುತ್ತ ಹತ್ತಲಿ, ಬೀಗ ನೋಡಲಿ, ಇಳಿಯುತ್ತ ಅವನ ಹೆಸರು ಹಿಡಿದು ಬಾಯಿಗೆ ಬಂದಂತೆ ಬೈಯಲಿ. ಯಾರಿಗೂ ಪೆಟ್ಟಾಗಲಿ ಎಂದು ಬಯಸಿರಲಿಲ್ಲ. ಬೈಸಿಕೊಳ್ಳಲಿ ಎಂದಷ್ಟೇ.

ಮಗಳಿಗೆ ಹೇಳಲಿಲ್ಲ. ಹೇಳಿದ್ದರೆ ನನ್ನ ಮುಖಕ್ಕೇ ಥೂ ಎನ್ನುತ್ತಿದ್ದಳು. ಅದು ಗೊತ್ತಿದ್ದೇ ಹೇಳಲಿಲ್ಲ.

ಅವಳ ತಂಡ ಹೊರಡುವ ಬೆಳಿಗ್ಗೆ ಏಳು ಜನ ಅಂಗಡಿಯ ಮುಂದೆ ನಿಂತಿದ್ದರು. ನಿವೃತ್ತ ಮೇಷ್ಟ್ರೊಬ್ಬರು, ಅವರ ಹೆಂಡತಿ, ಉಳಿದ ಐವರು ಒಂದೇ ಆಫೀಸಿನವರು. ಮೇಷ್ಟ್ರ ಹಿಂದಿನ ಚಕ್ರದ ಕಡ್ಡಿಯೊಂದು ಮುರಿದಿತ್ತು. ಹಿಂದಿನ ಕೋಣೆಯಲ್ಲಿ ಅದನ್ನು ಹಾಕುತ್ತಿದ್ದೆ. ಆಗ ಹೊರಗಿನಿಂದ ತಮ್ಮನ ದನಿ ಕೇಳಿಸಿತು. ಬೀದಿ ದಾಟಿ ಬಂದು ನನ್ನ ಗಿರಾಕಿಗಳ ಹತ್ತಿರವೇ ನಿಂತು, "ಒಳ್ಳೇ ಬಿಸಿಲಿದೆ, ಅದೃಷ್ಟವಂತರು ನೀವು. ಹುಡುಗಿ ಜೊತೆ ಇದಾಳಲ್ಲ, ಭಯವಿಲ್ಲ ಬಿಡಿ" ಎನ್ನುತ್ತಿದ್ದ. ಇವನ ನಾಲಿಗೆಗೆ ಮುಳ್ಳು ಚುಚ್ಚ! ಕೈಯಲ್ಲಿದ್ದ ಕಡ್ಡಿ ಬಗ್ಗಿತು. ಅದೇ ಹೊತ್ತಿಗೆ ಮಗಳು ಕೂಗಿದಳು.

"ಅಮ್ಮ, ಹಾಳೆ ಎಲ್ಲಿ?"

"ಕಣ್ಣಿಲ್ವಾ ನಿಂಗೆ? ಮೇಜಲ್ಲಿದೆ!"

ನನ್ನ ಮೇಜಿನ ಡ್ರಾಯರು ಎಂದು ನನ್ನ ತಲೆಯಲ್ಲಿತ್ತು. ಅವಳಿಗೆ ಕಂಡದ್ದು ಬಾಗಿಲ ಪಕ್ಕದ ಮೇಜು. ಅದರ ಮೇಲೆ ಈ ವರ್ಷದ ತಾರೀಕು ಹಾಕಿದ ಹಾಳೆಗಳು ಒಪ್ಪವಾಗಿ ಕೂತಿದ್ದವು.

ಹನ್ನೊಂದು ಗಂಟೆಗೆ ಕತ್ತರಿ ಬೇಕಾಗಿ ಡ್ರಾಯರ್ ಎಳೆದೆ. ಅವಳಿಗೆಂದು ಎಣಿಸಿ ಇಟ್ಟಿದ್ದ ಹಾಳೆಗಳು ಎಣಿಸಿದ ಹಾಗೇ ಇದ್ದವು. ಹಾಗಾದರೆ ಅವಳು ಒಯ್ದದ್ದು ಬಾಗಿಲ ಪಕ್ಕದ ಮೇಜಿನ ಹಾಳೆ. ಫೋನು ಮಾಡಿದೆ, ಹೋಗಲಿಲ್ಲ. ಮೂಟೆಗಳಿದ್ದ ವ್ಯಾನು ಬಾಗಿಲಲ್ಲೇ ಇತ್ತು. ಹಾಳೆಗಳನ್ನು ಬಾಚಿಕೊಂಡು ಹತ್ತಿದೆ. ದಾರಿಯುದ್ದಕ್ಕೂ ಬೈದೆ, ತಮ್ಮನಿಗೆ, ಚಕ್ರದ ಕಡ್ಡಿಗೆ, ಅಡ್ಡ ಬಂದ ಕುರಿಗಳಿಗೆ. ಅವಳಿಗೆ ಆ ಸೇತುವೆ ಗೊತ್ತು, ಚಿಕ್ಕಂದಿನಿಂದ ನೋಡಿದ್ದಾಳೆ, ಬಲಕ್ಕೇ ತಿರುಗಿರುತ್ತಾಳೆ ಎಂದು ನನಗೆ ನಾನೇ ನೂರು ಸಲ ಹೇಳಿಕೊಂಡೆ.

ಸೇತುವೆಯ ಮೇಲೆ ತಮ್ಮನ ವ್ಯಾನು ನಿಂತಿತ್ತು. ನನ್ನ ಗಿರಾಕಿಗಳು ಕಟ್ಟೆಯ ಮೇಲೆ ಧೂಳು ಮೆತ್ತಿಕೊಂಡು ಕೂತಿದ್ದರು. ಮೇಷ್ಟ್ರ ಬಲಗೈ ಮಗಳು ತನ್ನ ಕುತ್ತಿಗೆಯ ಬಟ್ಟೆ ಬಿಚ್ಚಿ ಕಟ್ಟಿದ ಜೋಲಿಯಲ್ಲಿ ಜೋತುಬಿದ್ದಿತ್ತು, ಮುಖ ಬೆಳ್ಳಗಾಗಿತ್ತು. ಕ್ವಾರಿಯ ಇಳಿಜಾರಿನ ಜಲ್ಲಿಯಲ್ಲಿ ಸೈಕಲ್ ಜಾರಿ ಭುಜದ ಮೇಲೆ ಬಿದ್ದಿದ್ದರು. ಎಲುಬು ಮುರಿದದ್ದು ನೋಡಿದರೇ ತಿಳಿಯುತ್ತಿತ್ತು. ಮೂಟೆ ಸಾಗಿಸುತ್ತಿದ್ದ ತಮ್ಮ ಅವರನ್ನು ಕಂಡು ನಿಲ್ಲಿಸಿದ್ದನಂತೆ.

ಮೇಷ್ಟ್ರ ಹೆಂಡತಿ ನನ್ನನ್ನು ಕಂಡವರೇ ಎದ್ದು ನಿಂತರು. "ಈ ಹಾಳೆ ಬರೆದೋರು ಯಾರ್ರೀ? ಎಡಕ್ಕೆ ಅಂತ ಇದೆ. ಎಡಕ್ಕೆ ಏನಿದೆ ಅಲ್ಲಿ, ನಮ್ಮ ಗೋರೀನಾ?"

ನಾನು ಬಾಯಿ ತೆರೆಯುವ ಮೊದಲೇ ಮಗಳು ನಡುವೆ ಬಂದಳು. ಅವಳ ಎರಡೂ ಅಂಗೈ ತರಚಿ ರಕ್ತವಾಗಿತ್ತು. "ಅಮ್ಮಂದು ತಪ್ಪಿಲ್ಲ ಮೇಡಂ. ಇದು ಕರಡು ಹಾಳೆ ಇರ್ಬೇಕು, ನಾನೇ ನೋಡದೆ ತಂದುಬಿಟ್ಟೆ. ನಂದೇ ತಪ್ಪು, ನನ್ನ ಬೈರಿ."

ಆಮೇಲೆ ನನ್ನ ಹತ್ತಿರ ಬಂದು ದನಿ ತಗ್ಗಿಸಿದಳು. "ಬಲಕ್ಕೆ ಅಂತ ನಂಗೆ ಗೊತ್ತಿತ್ತು ಅಮ್ಮ. ಆದ್ರೆ ನೀನು ಎಡಕ್ಕೆ ಅಂತ ಬರೆದಿದ್ದೆ. ಕೋಟೆ ರಸ್ತೆ ಕುಸಿದಿರ್ಬೇಕು, ನೀನು ನೋಡಿ ಬಂದಿರ್ತೀಯ ಅಂದ್ಕೊಂಡೆ. ಬೀಗ ನೋಡೋವರೆಗೂ ಹಾಗೇ ಅಂದ್ಕೊಂಡಿದ್ದೆ. ಹೋಗ್ಲಿ ಬಿಡು, ಕೈತಪ್ಪಿ ಆಗಿರುತ್ತೆ."

ಬೀದಿಗೆಲ್ಲ ಕೇಳುವಂತೆ ಬಾಯಿ ಮಾಡುವವಳು, ಮಗಳು ನನ್ನ ತಪ್ಪನ್ನು ಹೊತ್ತು ಬೈಸಿಕೊಳ್ಳುತ್ತಿದ್ದರೆ ನಾಲಿಗೆ ಕಚ್ಚಿಕೊಂಡು ನಿಂತಿದ್ದೆ. ಹಾಗೇ ನಿಂತಿದ್ದರೆ ಉಳಿದುಕೊಳ್ಳುತ್ತಿದ್ದೆ. ತಮ್ಮ ಬಾಯಿ ಹಾಕಿದ.

"ಅವಳನ್ನ ಬೈಬೇಡಿ ಮೇಡಂ, ಪಾಪ" ಎಂದ, ಅದೇ ಸಿಹಿ ನಾಲಿಗೆ. "ಅಕ್ಕ, ನಾನೂ ಈ ಸಾಲು ನೋಡಿದ್ದೆ. ಹೌದು, ನಿಂದೇ ಹಾಳೆ, ಇಳಿಸ್ಕೊಂಡೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಒಂದು ಸಲ ತುಳಿದು ನೋಡದೆ ನಾನು ಯಾರ ಕೈಗೂ ಕೊಡಲ್ಲ. ಗೇಟ್ ನೋಡಿದ ಕೂಡ್ಲೇ ಗೊತ್ತಾಯ್ತು, ನನ್ನ ಹಾಳೇಲಿ ಬಲಕ್ಕೆ ಅಂತ ತಿದ್ಕೊಂಡೆ. ನಂಗೆ ಬೇಜಾರೇ ಆಯ್ತು ಅಕ್ಕ. ವಯಸ್ಸಾಗ್ತಾ ಬಂತು, ಒಬ್ಬಳೇ ಎಷ್ಟು ಅಂತ ಮಾಡ್ತೀಯ? ಎಡ ಬಲ ಅದಲು ಬದಲಾಗುತ್ತೆ. ಸಹಜ."

ಸಹಜವಂತೆ! ಇಪ್ಪತ್ತಾರು ವರ್ಷ ಮಳೆ ಬಿಸಿಲು ನೋಡದೆ ಈ ಬೆಟ್ಟಗಳನ್ನು ತುಳಿದವಳಿಗೆ ಎಡ ಯಾವುದು ಬಲ ಯಾವುದು ಮರೆಯಿತಂತೆ. ಅಷ್ಟು ಜನರೆದುರು, ಕದ್ದವನು, ನನಗೆ ಕನಿಕರ ತೋರಿಸುತ್ತಿದ್ದ.

"ಏಯ್, ನಂಗೆ ಎಡ ಬಲ ಹೇಳ್ಕೊಡ್ತೀಯೇನೋ? ಒಂದು ತಿರುವು ತಪ್ಪಿಲ್ಲ ಇವತ್ತಿನವರೆಗೂ ನನ್ನ ಕೈಯಲ್ಲಿ, ಒಂದು! ಗೊತ್ತಿದ್ದೇ ಬರೆದಿದ್ದು ಕಣೋ ಅದು! ಬೇಕಂತಲೇ ಬರೆದಿದ್ದು, ನಿಂಗೋಸ್ಕರ! ನೀನು ಕದೀಲಿ ಅಂತ!"

ಜೀವಮಾನದಲ್ಲಿ ಮೊದಲ ಸಲ ತಮ್ಮನ ಮುಖದಲ್ಲಿ ಹಲ್ಲು ಕಾಣಲಿಲ್ಲ. ಅವನು ನನ್ನನ್ನು ನೋಡದೆ ಮಗಳನ್ನು ನೋಡಿದ. ಆಗ ನಾನೂ ನೋಡಿದೆ.

"ಬೇಕಂತಲೇನಾ?" ಎಂದಳು.

"ಇವನು ಮಾಡಿದ್ದಕ್ಕೆ..."

"ಮಾವನ್ನ ಬಿಡು. ಬೇಕಂತಲೇನಾ ಅಮ್ಮ?"

"ಇವನ ಜನ ಹೋಗ್ಲಿ ಅಂತ ಬರೆದಿದ್ದು. ನೀವಲ್ಲ. ನಿಂಗೆ ಅಂತ ಬೇರೆ ಇಟ್ಟಿದ್ದೆ, ಇಲ್ಲೇ ಇದೆ ನೋಡು." ಬಾಚಿ ತಂದಿದ್ದ ಹಾಳೆಗಳನ್ನು ಅವಳ ಮುಂದೆ ಹಿಡಿದೆ. "ಇದು ಸರಿ ಇದೆ. ಪ್ರತಿ ಸಾಲೂ ಸರಿ ಇದೆ. ಹೋದ ತಿಂಗಳು ನಾನೇ ತುಳಿದು ಬರೆದಿದ್ದು."

"ಇವನ ಜನ ಅಂದ್ರೆ? ಅವರ ಭುಜ ಭುಜ ಅಲ್ವಾ?"

ಅವಳು ಹಾಳೆ ಮುಟ್ಟಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಗೆಲ್ಲುತ್ತಿದ್ದೆ. ಕೂಗಾಡುವುದರಲ್ಲಿ ನನ್ನದು ಎತ್ತಿದ ಕೈ. ಅವಳು ಮೆಲ್ಲಗೆ ಮಾತಾಡಿದಳು. "ತಪ್ಪಾಗಿದ್ರೆ ನಿನ್ನ ಜೊತೇಲೇ ಇರ್ತಿದ್ದೆ ಅಮ್ಮ. ನೂರು ತಪ್ಪು ಆಗಿದ್ರೂ ನಂದು ಅಂತ ಹೇಳ್ಕೊಂಡು ಇರ್ತಿದ್ದೆ."

ಮೇಷ್ಟ್ರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ತಮ್ಮನ ವ್ಯಾನು ತುಂಬಿತ್ತು, ನನ್ನದರಲ್ಲೇ ಜಾಗ. ಮಗಳೇ ಅವರನ್ನು ಹಿಡಿದು ಕೂರಿಸಿದಳು, ಅವರ ಹೆಂಡತಿಗೆ ನೀರಿನ ಬಾಟಲಿ ಕೊಟ್ಟಳು. ಉಳಿದ ಐವರ ಸೈಕಲ್ಲುಗಳ ಬ್ರೇಕನ್ನು ಒಂದೊಂದಾಗಿ ಒತ್ತಿ ನೋಡಿದಳು. ಸಂಜೆಯೊಳಗೆ ಅವರನ್ನು ಕೋಟೆಯ ಊರಿಗೆ ಮುಟ್ಟಿಸುವುದು ಅವಳ ಜವಾಬ್ದಾರಿ, ಅದನ್ನು ಬಿಡುವವಳಲ್ಲ. ಆಮೇಲೆ ನನ್ನ ಕಣ್ಣೆದುರಿಗೇ ತಿರುಗಿ ಕೇಳಿದಳು.

"ಮಾವ, ನಿಮ್ಮ ಹಾಳೆ ಒಂದು ಕೊಡ್ತೀರಾ?"

ತಮ್ಮ ನನ್ನ ಕಡೆ ನೋಡಿದ. ನಾನು ಏನಾದರೂ ಎನ್ನುತ್ತೇನೆಂದು ಕಾದ. ಆಮೇಲೆ ಜೇಬಿನಿಂದ ತೆಗೆದು ಕೊಟ್ಟ.

"ಅದೂ ನಂದೇ ಕಣೇ" ಎಂದೆ. "ಅದರಲ್ಲಿರೋ ಪ್ರತಿ ಮಾತೂ ನಂದೇ."

"ಗೊತ್ತು ಅಮ್ಮ. ಆದ್ರೆ ಇದನ್ನ ಅವರು ತುಳಿದು ನೋಡಿದಾರೆ."

ಹಾಳೆಯನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿ ಬಲಕ್ಕೆ ಹೊರಟಳು. ಐವರು ಅವಳ ಹಿಂದೆ ಸಾಲಾಗಿ ಹೋದರು. ವ್ಯಾನಿನೊಳಗಿಂದ ಮೇಷ್ಟ್ರು ನರಳಿದರು, ಅವರ ಹೆಂಡತಿ ಕಿಟಕಿಯಿಂದ ತಲೆ ಹೊರಹಾಕಿ, "ಆಸ್ಪತ್ರೆ ದಾರಿಯಾದ್ರೂ ಸರಿಯಾಗಿ ಗೊತ್ತಾ ನಿಮಗೆ?" ಎಂದು ಕೇಳಿದರು. ಗೊತ್ತು ಎಂದೆ. ಅವರು ನಂಬಲಿಲ್ಲ. ಇಳಿದು, ನನ್ನ ತಮ್ಮನ ಹತ್ತಿರ ಹೋಗಿ ದಾರಿ ಕೇಳಿಕೊಂಡು ಬಂದರು.