ಅರ್ಧ ಮಾತ್ರೆ

ದರ್ಜಿಯ ಮನೆಯಲ್ಲಿ ಯಾವುದನ್ನೂ ಇಡಿಯಾಗಿ ತಿನ್ನುವ ರೂಢಿಯಿರಲಿಲ್ಲ. ಬಿಸ್ಕತ್ತಾಗಲಿ, ಬನ್ನಾಗಲಿ, ಅರ್ಧ ಮುರಿದು ಹೊಲಿಗೆ ಮಿಷನ್ನಿನ ಕೆಳಗೆ ಕೈ ಚಾಚಬೇಕು. ಅಲ್ಲಿ ಗುಂಡಣ್ಣ ಬಾಯಿ ತೆರೆದೇ ಇರುತ್ತಿದ್ದ. ಹನ್ನೆರಡು ವರ್ಷದ ನಾಯಿ, ಹೆಸರಿಗೆ ತಕ್ಕ ಮೈ. ಈಚೆಗೆ ಹಿಂಗಾಲಿನ ಕೀಲು ಹಿಡಿದುಕೊಂಡು, ಏಳಬೇಕಾದರೆ ನುಣುಪು ನೆಲದಲ್ಲಿ ನಾಲ್ಕು ಸಲ ಜಾರುತ್ತಿದ್ದ. ದರ್ಜಿಗೂ ಮಂಡಿನೋವು. ನಿನ್ನೆ ಬೆಳಿಗ್ಗೆ ತನ್ನ ನೋವಿನ ಮಾತ್ರೆ ಮುರಿದವನು, ಅರ್ಧವನ್ನು ಬನ್ನಿನೊಳಗಿಟ್ಟು ಕೆಳಗೆ ಚಾಚಿದ್ದ. ಹೆಂಡತಿಗೆ ಹೇಳಲಿಲ್ಲ, ಹೇಳಿದ್ದರೆ ಮಂಗಳಾರತಿ ಆಗುತ್ತಿತ್ತು.

ಇವತ್ತು ಗುಂಡಣ್ಣ ಎರಡು ಸಲ ವಾಂತಿ ಮಾಡಿ, ಬನ್ನು ಕಂಡರೂ ಮುಖ ತಿರುಗಿಸಿದ. ಗಂಡ ಹೆಂಡತಿ ಅವನನ್ನು ಕಂಬಳಿಯಲ್ಲಿ ಹೊತ್ತು ಪ್ರಾಣಿಗಳ ಆಸ್ಪತ್ರೆಗೆ ತಂದರು.

ಡಾಕ್ಟರಮ್ಮ ಕೀಲುಗಳನ್ನು ಒಂದೊಂದಾಗಿ ಮಡಚಿ ನೋಡಿದರು. "ಮನೇಲಿ ಏನಾದ್ರೂ ಮಾತ್ರೆ ಕೊಟ್ರಾ?"

"ಏನೂ ಇಲ್ಲ," ಅಂದ ದರ್ಜಿ.

"ಏನೇನೂ ಇಲ್ಲ," ಅಂದಳು ಹೆಂಡತಿ, ಅವನ ಮಾತು ಮುಗಿಯುವ ಮೊದಲೇ.

"ಹಳಸಿದ್ದೇನೋ ತಿಂದಿರ್ಬೇಕು. ವಾಂತಿಗೊಂದು, ಕೀಲುನೋವಿಗೊಂದು ಇಂಜೆಕ್ಷನ್ ಕೊಡ್ತೀನಿ."

ದರ್ಜಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಿಟಕಿಗೆ ಹೋದ, ಬಾಗಿಲಿಗೆ ಬಂದ, ನಾಯಿಗಳ ತೂಕದ ಯಂತ್ರವನ್ನು ತಾನೇ ಹತ್ತಿ ಇಳಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಅಂಗಿ ಜೇಬು ಮುಟ್ಟಿ ನೋಡಿಕೊಂಡ. ಮಾತ್ರೆಯ ಪಟ್ಟಿ ಅಲ್ಲೇ ಇತ್ತು. ಅಷ್ಟರಲ್ಲಿ ಸೂಜಿ ಔಷಧದ ಸೀಸೆಯೊಳಗೆ ಇಳಿಯಿತು. ಗುಂಡಣ್ಣ ಅವನನ್ನೇ ನೋಡಿ ಬಾಲವನ್ನು ಒಂದು ಸಲ ಆಡಿಸಿದ.

"ನಿಲ್ಸಿ ಡಾಕ್ಟ್ರೇ! ನಾನು ಕೊಟ್ಟಿದ್ದೀನಿ. ನನ್ನ ಮಂಡಿನೋವಿನ ಮಾತ್ರೆ, ಅರ್ಧ. ನಿನ್ನೆ ಬೆಳಿಗ್ಗೆ."

ಹೆಂಡತಿ ಗಕ್ಕನೆ ತಿರುಗಿದಳು. "ಅಯ್ಯೋ, ನೀವೂನಾ? ಸಂಜೆ ನಿಮ್ಮ ಜೇಬಿಂದ ತೆಗ್ದು ನಾನೂ ಅರ್ಧ ಕೊಟ್ಟೆ ಕಣ್ರೀ!"

ಡಾಕ್ಟರಮ್ಮ ಸಿರಿಂಜನ್ನು ತಟ್ಟೆಗೆ ಹಾಕಿ, ಪಟ್ಟಿ ಕಸಿದುಕೊಂಡು ಓದಿದರು. "ಇದು ನಾಯಿಗೆ ವಿಷ. ಹೊಟ್ಟೇಲಿ ಹುಣ್ಣಾಗುತ್ತೆ, ಕಿಡ್ನಿ ಕೆಡುತ್ತೆ. ಇದ್ರ ಮೇಲೆ ನೋವಿನ ಇಂಜೆಕ್ಷನ್ನೂ ಚುಚ್ಚಿದ್ರೆ ನಿಮ್ಮ ಗುಂಡಣ್ಣ ಕೈಗೆ ಸಿಗ್ತಿರ್ಲಿಲ್ಲ."

ಮೂರು ದಿನ ಗುಂಡಣ್ಣನಿಗೆ ಡ್ರಿಪ್ಪು. ಆ ಮೂರು ದಿನ ದರ್ಜಿಯ ಒಂದು ಹೊಲಿಗೆಯೂ ನೆಟ್ಟಗಾಗಲಿಲ್ಲ; ಯಾರದೋ ಅಂಗಿಗೆ ಎರಡೂ ಎಡತೋಳೇ ಕೂಡಿಸಿದ. ನಾಯಿ ಸತ್ತರೆ ಕೊಂದವನು ತಾನೇ ಎಂಬ ಹೆದರಿಕೆ ಅವನನ್ನು ತಿನ್ನುತ್ತಿತ್ತು.

ನಾಲ್ಕನೆಯ ದಿನ ರಕ್ತಪರೀಕ್ಷೆ ನೋಡಿ ಡಾಕ್ಟರಮ್ಮ ಮನೆಗೆ ಕಳಿಸಿದರು. ಹೊಟ್ಟೆ ಪೂರಾ ವಾಸಿಯಾದ ಮೇಲೆ ನಾಯಿಗೆಂದೇ ಇರುವ ಔಷಧ, ಅದೂ ತೂಕ ನೋಡಿ ತಾವೇ ಬರೆದುಕೊಟ್ಟಷ್ಟು, ಮೈ ಇಳಿಯಬೇಕು, ಬನ್ನು ಬಂದ್, ದಿನಾ ಸ್ವಲ್ಪ ಸ್ವಲ್ಪವೇ ನಡೆಸಬೇಕು, ನೆಲ ಜಾರಬಾರದು ಎಂದು ತಾಕೀತು ಮಾಡಿದರು. ದರ್ಜಿ ಚೂರುಬಟ್ಟೆ ಕೂಡಿಸಿ ದಪ್ಪನೆಯ ಹಾಸು ಹೊಲಿದ, ತಳಕ್ಕೆ ರಬ್ಬರ್ ಕೊಟ್ಟು ಮಿಷನ್ನಿನಿಂದ ಬಾಗಿಲವರೆಗೂ ಹಾಸಿದ.

ಮರುದಿನ ಬೆಳಿಗ್ಗೆ ತನ್ನ ಮಾತ್ರೆ ಕೈಗೆತ್ತಿಕೊಂಡಾಗ ಬೆರಳು ತಾನಾಗಿಯೇ ಅದನ್ನು ಮುರಿಯಲು ಹೊರಟಿತು. ಕೆಳಗೆ ಗುಂಡಣ್ಣ ಬಾಯಿ ತೆರೆದು ಕಾಯುತ್ತಿದ್ದ.

"ಇಲ್ಲ ಕಣೋ," ಎಂದು ದರ್ಜಿ ಇಡೀ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡ. ಹನ್ನೆರಡು ವರ್ಷದಲ್ಲಿ ಗುಂಡಣ್ಣನ ಕಣ್ಣೆದುರು ಅವನು ಒಬ್ಬನೇ ತಿಂದದ್ದು ಅದೇ ಮೊದಲು.