ಒಂದೇ ಹಗ್ಗ

"ಯಾವ ರಂಡಿ ಹಚ್ಚ್ಯಾಳಲೇ ಇದನ್ನ?"

ಸೂಪರ್‌ವೈಸರ್ ನಾಡಗೌಡ ಅಂಗಳದಲ್ಲಿ ನಿಂತು ಕಾರ್ಖಾನೆಯ ಮಾಡಿನತ್ತ ಕೈ ಮಾಡಿದ. ಹಳಿಯಾಳ ರಸ್ತೆಯ ಆ ಪ್ಲೈವುಡ್ ಕಾರ್ಖಾನೆ ಈಗ ತನ್ನ ಕರೆಂಟನ್ನು ತಾನೇ ಮಾಡಿಕೊಳ್ಳುತ್ತಿತ್ತು. ಮಾಡಿನ ಸೋಲಾರ್ ಪ್ಯಾನೆಲ್‌ಗಳಿಗೆಲ್ಲ ವಿಭೂತಿಯ ಮೂರು ಗೆರೆ, ನಡುವೆ ಎಣ್ಣೆಯಲ್ಲಿ ಕಲಸಿದ ಕುಂಕುಮ. ಬಿಸಿಲಿಗೆ ಅದು ಗಾಜಿಗೇ ಅಂಟಿಕೊಂಡಿತ್ತು.

"ನಾವರೀ," ಎಂದಳು ಪ್ಯಾನೆಲ್ ತೊಳೆಯುವ ಕೆಂಚವ್ವ. "ಖಂಡೇಪೂಜಿ ದಿನ ಕೆಳಗಿನ ಮಷೀನಿಗೆಲ್ಲಾ ಭಟ್ಟರು ಹಚ್ಚಿದ್ರು. ಮ್ಯಾಲಿನವಕ್ಕ ಯಾರೂ ಹಚ್ಚಲಿಲ್ಲ. ದಿನಾ ತೊಳಿಯಾವ್ರು ನಾವ, ಅದಕ್ಕ..."

"ಹಚ್ಚಿ ಏನ ಬೇಡಕೊಂಡಿ?"

"ಇನ್ನೊಬ್ಬರನ್ನ ಕೆಡವಬ್ಯಾಡವಾ ಅಂತ."

ನಾಡಗೌಡ ನಕ್ಕ. "ಬೆಂಗಳೂರಿನ ಸಾಹೇಬ್ರು ಇನ್ನೇನ ಬಂದಬಿಡ್ತಾರ. ಈ ಹೊಲಸು ತೋರಸ್ಲೇನ? ಹತ್ತು, ತಿಕ್ಕು."

ಮಾಡು ಸಿಮೆಂಟ್ ಶೀಟಿನದು. ಕೆಳಗೆ ಕಬ್ಬಿಣದ ಆಸರೆಯಿರುವ ಬೋಲ್ಟಿನ ಸಾಲು ಬಿಟ್ಟು ಹೆಜ್ಜೆಯಿಟ್ಟರೆ ತಡೆಯುವುದಿಲ್ಲ. ಪಂಚಮಿಗೆ ಮುಂಚೆ ಕೆಂಚವ್ವನ ಗಂಡ ಉಳವಪ್ಪ ಹಾಗೆ ಇಟ್ಟಿದ್ದ. ಶೀಟು ಒಡೆದು ಕೆಳಗೆ ಬಿದ್ದವನಿಗೆ ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ, ಗುಡಿಸಲಲ್ಲಿ ಮಲಗಿದ್ದಾನೆ. ಅವನು ಗುತ್ತಿಗೆದಾರನ ಆಳು, ನಮ್ಮವನಲ್ಲ ಎಂದಿತು ಕಂಪನಿ. ಹೊಸ ಶೀಟು ಮರುದಿನವೇ ಬಂತು. ಮೇಲೆ ಹೋಗುವವರು ಸೊಂಟಕ್ಕೆ ಕಟ್ಟಿಕೊಳ್ಳಲಿ ಎಂದು ಒಂದು ಹಳದಿ ಹಗ್ಗವೂ ಬಂತು. ಗಂಡನ ಕೆಲಸ ಹೆಂಡತಿಗಾಯಿತು.

"ಹಗ್ಗ ಎಲ್ಲೈತ್ರೀ?"

ನಾಡಗೌಡ ಗೇಟಿನ ಕಡೆ ನೋಡಿದ. ಎರಡು ಕಂಬಗಳ ನಡುವೆ ಹೊಸ ಬ್ಯಾನರ್: 'ನಮ್ಮ ಸೂರ್ಯ, ನಮ್ಮ ವಿದ್ಯುತ್'. ಅದನ್ನು ಎಳೆದು ಕಟ್ಟಿದ್ದು ಅದೇ ಹಳದಿ ಹಗ್ಗದಿಂದ.

"ಇವತ್ತೊಂದಿನ ಹಂಗ ಹತ್ತು."

"ಬಿದ್ದರ?"

"ಬಿದ್ದರ ಪ್ಯಾನೆಲ್ ಮ್ಯಾಲ ಬೀಳಬ್ಯಾಡ. ಫಾರಿನ್ ಮಾಲು ಅದು."

ಜೊತೆಗೆ ತೊಳೆಯುವ ತಾಯವ್ವ ಅವಳ ಮೊಣಕೈ ಎಳೆದಳು. "ಸುಮ್ನ ಹತ್ತೂಣು ಬಾ ಯಕ್ಕಾ. ಕೆಲಸಾ ಹೊಕ್ಕೈತಿ."

"ನೀ ಬಕೀಟ ಹಿಡಿ."

ಅಷ್ಟರಲ್ಲಿ ಕಾರುಗಳು ಬಂದವು. ಸಾಹೇಬರಿಗೆ ಬ್ಯಾನರಿನ ಕೆಳಗೇ ಹಾರ ಹಾಕಿದರು. ಫೋಟೋದವನು ಇನ್ನಷ್ಟು ಹತ್ತಿರ ನಿಲ್ಲಿ ಎಂದ. ಕೆಂಚವ್ವ ಕಂಬದ ಬಳಿ ಹೋಗಿ ಗಂಟಿಗೆ ಹಲ್ಲು ಹಾಕಿದಳು.

"ಏ ಯವ್ವಾ, ಏನ ಮಾಡಾಕತ್ತಿ?" ಎಂದ ವಾಚ್‌ಮನ್.

ಬ್ಯಾನರ್ ಸಾಹೇಬರ ತಲೆಗಳ ಮೇಲೆ ಬಿತ್ತು. ಅವಳು ಇನ್ನೊಂದು ಕಂಬದ ಗಂಟನ್ನೂ ಬಿಚ್ಚಿ ಹಗ್ಗವನ್ನು ಪೂರ್ತಿ ಎಳೆದುಕೊಂಡು, ಸುತ್ತಿ, ಹೆಗಲಿಗೆ ಹಾಕಿಕೊಂಡಳು. ಓಡಲಿಲ್ಲ.

"ಹಿಡೀರಲೇ ಆ ಸೂಳೀನ!" ಎಂದು ನಾಡಗೌಡ ಅರಚಿದ.

ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಆಳುಗಳಲ್ಲಿ ಒಬ್ಬನೂ ಕದಲಲಿಲ್ಲ. ತಾಯವ್ವ ಬಕೆಟ್ ಇಟ್ಟು ಏಣಿ ಹಿಡಿದಳು.

ಮಾಡಿನ ನೆತ್ತಿಯ ಕಬ್ಬಿಣಕ್ಕೆ ಹಗ್ಗದ ಒಂದು ತುದಿ, ತನ್ನ ಸೊಂಟಕ್ಕೆ ಇನ್ನೊಂದು ತುದಿ ಬಿಗಿದುಕೊಂಡು ಕೆಂಚವ್ವ ಬೋಲ್ಟಿನ ಸಾಲಿನಲ್ಲೇ ನಡೆದಳು. ಕರಿಗಟ್ಟಿದ ಶೀಟುಗಳ ನಡುವೆ ಒಂದು ಮಾತ್ರ ಬೆಳ್ಳಗಿತ್ತು. ಅದರ ಪಕ್ಕದಲ್ಲಿ ಕೂತಳು.

"ತೊಳಿಯೂದು ಆಮ್ಯಾಲ, ಸಾಹೇಬ್ರ," ಎಂದು ಕೂಗಿದಳು. "ಮದಲ ಈ ಹೊಸಾ ಶೀಟ ಯಾಕ ಬಂತು ಅಂತ ಆ ಭಾಡ್ಯಾನ್ನ ಕೇಳ್ರಿ."